ವಿದೇಶದಿಂದ ಅಣ್ಣನ ಸಂಸಾರ ಊರಿಗೆ ಬರುತ್ತಿದೆ: ಮನೆಯಲ್ಲಿರುವ ನಾವು ಏನೇನು ಏರ್ಪಾಡು ಮಾಡಿಕೊಳ್ಳಬೇಕು?

ಶಿಡ್ಲಘಟ್ಟದ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಅಣ್ಣ ಬಹಳ ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅಪ್ಪ ತೀರಿಕೊಂಡಾಗ ಒಬ್ಬನೇ ಬಂದು, ಕಾರ್ಯ ಮುಗಿಸಿ, ರಜೆ ಸಾಲದೆಂದು ಹಾಗೆಯೇ ಹಿಂತಿರುಗಿದ್ದ. ಈಗ ಸಂಕ್ರಾಂತಿಗೆ ಸರಿಯಾಗಿ ಅತ್ತಿಗೆ ಮತ್ತು ಮಕ್ಕಳೊಂದಿಗೆ ಬರುತ್ತೇನೆಂದು ತಿಳಿಸಿದ್ದಾನೆ. ಮಕ್ಕಳಲ್ಲಿ ದೊಡ್ಡವನು ಹಿಂದೊಮ್ಮೆ ಬಂದಾಗ ಎತ್ತಿಕೊಳ್ಳುವ ಕೂಸು. ಚಿಕ್ಕವಳು ಊರನ್ನು ನೋಡಿಯೇ ಇಲ್ಲ. ಅಮ್ಮನ ಸಂತೋಷವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಇಂಥ ಪ್ರಯಾಣದ ಬಗ್ಗೆ ಮಾತನಾಡುವವರೆಲ್ಲ ಸಾಮಾನ್ಯವಾಗಿ ಬರುವವರೇ ಆಗಿರುತ್ತಾರೆ. ಅವರನ್ನು ಇದಿರುಗೊಳ್ಳುವ ಮನೆಯವರ ಕಡೆಯಿಂದ ಕೆಲವು ಪ್ರಶ್ನೆ ಕೇಳಬೇಕೆನಿಸಿತು.

ಮನೆಯಲ್ಲಿ ಪಾಶ್ಚಾತ್ಯ ಶೈಲಿಯ ಶೌಚಾಲಯವಿಲ್ಲ, ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ಅಣ್ಣ ದೇವನಹಳ್ಳಿಯ ಹೋಟೆಲಿನಲ್ಲಿ ಉಳಿದುಕೊಂಡು ದಿನವೂ ಬಂದು ಹೋಗುವ ಯೋಚನೆ ಮಾಡಿದ್ದಾನೆ. ವಿಜಯಪುರದ ಮೇಲೆ ಬಂದರೆ ದೂರವೇನೂ ಅಲ್ಲ, ನಿಜ. ಆದರೆ ಈ ಮಾತು ಕಿವಿಗೆ ಬಿದ್ದ ದಿನದಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. "ಮಗ ನನ್ನ ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನಂತೆ" ಎನ್ನುವುದೊಂದೇ ಮಾತು.

ಇನ್ನೊಂದು ನಮ್ಮ ಬೆಳೆಯ ವಿಷಯ. ನಾನೂ ನನ್ನ ಯಜಮಾನರೂ ಅಮ್ಮನ ಜೊತೆಯಲ್ಲಿದ್ದು ರೇಷ್ಮೆ ಸಾಕುತ್ತೇವೆ. ಲೆಕ್ಕ ಹಾಕಿದರೆ ಅವರು ಬರುವ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದಿರುತ್ತವೆ. ಆಗಿನ ಒಂದು ವಾರದಲ್ಲಿ ಅವು ತಿನ್ನುವ ಸೊಪ್ಪು ಅಲ್ಲಿಯವರೆಗೆ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾತ್ರಿ, ಬೆಳಗು ಎಂಬುದಿರುವುದಿಲ್ಲ. ಅದರ ಮೇಲೆ ಹುಳುಮನೆಗೆ ಹೊರಗಿನವರನ್ನು ಬಿಡುವಂತಿಲ್ಲ, ಪಕ್ಕದಲ್ಲೆಲ್ಲೂ ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಔಷಧಿ ಬಳಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಇದನ್ನೆಲ್ಲ ಅತ್ತಿಗೆಗೆ ಹೇಳಿದರೆ ಬೇಡವೆನ್ನುತ್ತಿದ್ದಾರೆ ಎಂದು ತಿಳಿಯುತ್ತಾರೋ ಏನೋ. ಒಂದು ಬೆಳೆ ಬಿಟ್ಟರೆ ಆಗುವ ನಷ್ಟ ನಮಗೆ ಚಿಕ್ಕದಲ್ಲ, ಅದನ್ನು ಅಣ್ಣನಿಗೆ ಬಾಯಿಬಿಟ್ಟು ಹೇಳಲೂ ಆಗುವುದಿಲ್ಲ.

ಜೊತೆಗೆ, ಯಾರ ಯಾರ ಮನೆಗೆ ಹೋಗಬೇಕೆಂದು ಅಮ್ಮ ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಅದನ್ನು ಓದಿದರೆ ಅಣ್ಣ ಈ ಬಾರಿಯೂ ಮನೆಯಲ್ಲಿ ಕೂರುವ ಹಾಗೆ ಕಾಣುವುದಿಲ್ಲ. ಅನುಭವಸ್ಥರು ಸಲಹೆ ನೀಡಬೇಕು.

ತಿಪಟೂರಿನ ಅಭಿಯಂತರ

ನಾನು ಕ್ಯಾಲಿಫೋರ್ನಿಯಾದಲ್ಲಿರುವವನು, ಅಂದರೆ ನಿಮ್ಮ ಅಣ್ಣನವರ ಸಾಲಿನವನು. ಅವರ ಪರವಾಗಿ ಒಂದು ಮಾತು. ಹೋಟೆಲು ಎಂದದ್ದು ಮನೆಯ ಮೇಲಿನ ಅಸಡ್ಡೆಯಿಂದ ಇರಲಾರದು. ಹುಟ್ಟಿದಂದಿನಿಂದ ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಿಲ್ಲದ ಮಗು ದಿನಗಟ್ಟಲೆ ಮಲವಿಸರ್ಜನೆಗೆ ಹೋಗದೆ ಹೊಟ್ಟೆನೋವು ಮಾಡಿಕೊಂಡು ಅಳುವುದನ್ನು ನಾವು ನೋಡಿದ್ದೇವೆ. ಅದನ್ನು ನೆನೆದೇ ಅವರು ಹಾಗೆ ಹೇಳಿರುತ್ತಾರೆ. ಆದರೆ ಹೋಟೆಲಿನಲ್ಲಿ ಉಳಿಯುವುದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಜನರ ವಿಮಾನದ ಟಿಕೆಟಿಗೆ ಅವರು ಕೊಟ್ಟಿರುವ ಹಣದ ಮುಂದೆ ಇರುವ ಬಚ್ಚಲಿನ ಒಂದು ಮೂಲೆಯಲ್ಲಿ ಕಮೋಡ್ ಕೂರಿಸುವ ಖರ್ಚು ಏನೇನೂ ಅಲ್ಲ. ಡಿಸೆಂಬರಿನೊಳಗೆ ಮಾಡಿಸಿ, ಖರ್ಚು ಅವರೇ ಕೊಡಲಿ, ನೀವು ಸಂಕೋಚ ಪಡಬೇಡಿ.

ನೆಂಟರ ಪಟ್ಟಿಯ ವಿಷಯದಲ್ಲಿ ನನ್ನ ನಿಲುವು ಕಠಿಣವಾದದ್ದು. ನಮ್ಮ ಕಡೆ ಒಬ್ಬ ಚಿಕ್ಕಪ್ಪನ ಮನೆಗೆ ಹೋದರೆ ಇನ್ನೊಬ್ಬರ ಮನೆ ತಪ್ಪಿಸುವಂತಿಲ್ಲ. ಒಂದು ಮನೆಯಲ್ಲಿ ಊಟ ಮಾಡಿ ಮತ್ತೊಂದರಲ್ಲಿ ಕಾಫಿ ಮಾತ್ರ ಕುಡಿದರೆ ಅದೂ ಮಾತಿಗೆ ಬರುತ್ತದೆ. ಬೆಳಗ್ಗೆ ತಿಪಟೂರು ಬಿಟ್ಟು, ಗುಬ್ಬಿಯಲ್ಲಿ ಒಬ್ಬರು, ತುಮಕೂರಿನಲ್ಲಿ ಮೂವರು, ರಾತ್ರಿ ಬೆಂಗಳೂರಿನಲ್ಲಿ ಇನ್ನಿಬ್ಬರು ಎಂದು ಸುತ್ತಿ ಬಂದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮಾತ್ರ. ಈಗ ನಾವು ಬಂದಾಗ ಒಂದು ಭಾನುವಾರ ಮನೆಯಲ್ಲೇ ಪೂಜೆ ಇಟ್ಟುಕೊಂಡು ಎಲ್ಲರನ್ನೂ ಊಟಕ್ಕೆ ಕರೆಯುತ್ತೇವೆ. ಬರುವವರು ಬರುತ್ತಾರೆ. ಬಾರದವರ ಬಗ್ಗೆ ನಮ್ಮ ತಾಯಿಯೇ ತೀರ್ಮಾನ ಹೇಳುತ್ತಾರೆ.

ಮರೆಯುವ ಮುನ್ನ: ಅಣ್ಣನವರು ಇನ್ನೂ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದಾರೆಯೇ, ಪಾಸ್‌ಪೋರ್ಟಿನಲ್ಲಿ ಹೊಸ ಮುದ್ರೆ ಹಾಕಿಸಿಕೊಳ್ಳಬೇಕಾಗಿದೆಯೇ ಎಂದು ಕೇಳಿಕೊಳ್ಳಿ. 2025ರ ಸೆಪ್ಟೆಂಬರಿನಿಂದ ಸಂದರ್ಶನವಿಲ್ಲದೆ ವೀಸಾ ನವೀಕರಿಸುವ ಅನುಕೂಲವನ್ನು ಅಮೆರಿಕ ಬಹುಮಟ್ಟಿಗೆ ನಿಲ್ಲಿಸಿದೆ. ಚೆನ್ನೈಗೋ ಹೈದರಾಬಾದಿಗೋ ಹೋಗಿ ಬರುವ ಕೆಲಸವಿದ್ದರೆ ರಜೆಯ ಲೆಕ್ಕವೇ ಬೇರೆಯಾಗುತ್ತದೆ, ಮುದ್ರೆ ಬೀಳದೆ ಅವರು ಹೊರಡುವಂತೆಯೂ ಇಲ್ಲ.

ಕ್ಯಾತ್ಸಂದ್ರದ ಮೇಷ್ಟ್ರು

ತಿಪಟೂರಿನವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಎಲ್ಲರನ್ನೂ ಒಂದು ದಿನ ಕರೆದು ಊಟ ಹಾಕಿಸುವುದು ಒಳ್ಳೆಯ ಏರ್ಪಾಡೇ. ಆದರೆ ಬರಲಾರದವರು ಎಂಬ ಒಂದು ವರ್ಗವಿದೆ, ಅವರನ್ನು ಮರೆಯಬಾರದು. ಹಾಸಿಗೆ ಹಿಡಿದಿರುವ ಸೋದರತ್ತೆ ಊಟದ ಕರೆಗೆ ಓಗೊಟ್ಟು ಬರಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹೊರದೇಶದಲ್ಲಿದ್ದ ಕಾಲದಲ್ಲಿ ಯಾವ ಯಾವ ಮನೆಯಲ್ಲಿ ಸಾವಾಗಿದೆಯೋ ಆ ಮನೆಗಳಿಗೆ ತಾನಾಗಿ ಹೋಗಿ ಮಾತನಾಡಿಸಿಕೊಂಡು ಬರಬೇಕು. ಅಲ್ಲಿ ಊಟ ಮಾಡಬೇಕಾಗಿಲ್ಲ, ಉಡುಗೊರೆ ಒಯ್ಯಬೇಕಾಗಿಲ್ಲ, ಅರ್ಧ ಗಂಟೆ ಕೂತರೆ ಸಾಕು. ಫೋನಿನಲ್ಲಿ ಆಡಿದ ಮಾತು ಅದಕ್ಕೆ ಸಮವಲ್ಲ. ಅಮ್ಮನವರ ಪಟ್ಟಿಯನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಿ ನೋಡಿ, ತಂಗ್ಯಮ್ಮ. ಆ ಪಟ್ಟಿಯ ಅರ್ಧದಷ್ಟು ಇಂಥ ಮನೆಗಳೇ ಇರಬಹುದು.

ನನ್ನ ಮಗ ಜರ್ಮನಿಯಲ್ಲಿದ್ದಾನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವುದಕ್ಕೆ ಮುಂಚೆ ಅವನನ್ನು ಕಳುಹಿಸಲು ನಾವು ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಾಟಿ ಹಳೆಯ ನಿಲ್ದಾಣಕ್ಕೆ ಹೋಗುತ್ತಿದ್ದೆವು. ಈಗ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರು ಅಡ್ಡವೇ ಬರುವುದಿಲ್ಲ. ದಾರಿ ಹತ್ತಿರವಾಯಿತು. ಅವನು ಬರುವುದು ಮಾತ್ರ ಹೆಚ್ಚಾಗಲಿಲ್ಲ, ಅದು ಬೇರೆ ಮಾತು.

ಹೇಳಬೇಕಾದದ್ದು ಇಷ್ಟು. ಬಂದಾಗಲೆಲ್ಲ ಅವನು ಮನೆಗೆ ಏನಾದರೊಂದು ಯಂತ್ರ ತರುತ್ತಾನೆ ಇಲ್ಲವೇ ಇಲ್ಲಿ ಕೊಡಿಸುತ್ತಾನೆ. ಪಾತ್ರೆ ತೊಳೆಯುವ ಯಂತ್ರ ಬಂದಿದೆ, ಅದರ ಮೇಲೆ ಈಗ ದಿನಪತ್ರಿಕೆಗಳನ್ನು ಜೋಡಿಸಿಟ್ಟಿದ್ದೇವೆ. ನನಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ. ನನ್ನ ಜೊತೆ ವೈದ್ಯರ ಬಳಿ ಒಮ್ಮೆ ಕೂತು ಅವರು ಹೇಳಿದ್ದನ್ನು ತಾನೂ ಕೇಳಿಸಿಕೊಳ್ಳಬೇಕು, ಯಾವ ಗುಳಿಗೆ ಯಾತಕ್ಕೆಂದು ಬರೆದುಕೊಳ್ಳಬೇಕು, ಬ್ಯಾಂಕಿನ ಖಾತೆಗಳಿಗೆ ನಾಮಿನಿ ಯಾರೆಂದು ನೋಡಬೇಕು, ನನ್ನ ಫೋನಿಗೆ ಬರುವ ಮೋಸದ ಕರೆಗಳನ್ನು ಹೇಗೆ ಗುರುತಿಸಬೇಕೆಂದು ನಿಧಾನವಾಗಿ ಹೇಳಿಕೊಡಬೇಕು. ಇವು ದೂರದಿಂದ ಆಗುವ ಕೆಲಸಗಳಲ್ಲ. ಕಳೆದ ಬಾರಿ ಇದನ್ನು ನೇರವಾಗಿ ಹೇಳಿದೆ, ಮಾಡಿದ. ಹಾಗೆಯೇ ಮೊಮ್ಮಕ್ಕಳನ್ನು ಸಿದ್ಧಗಂಗೆಗೆ ಕರೆದುಕೊಂಡು ಹೋಗಿ ದಾಸೋಹದ ಸಾಲಿನಲ್ಲಿ ನೆಲದ ಮೇಲೆ ಕೂರಿಸಿ ಊಟ ಮಾಡಿಸಿದೆವು. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಎಂಬವರೊಬ್ಬರಿದ್ದರು, ಇಲ್ಲಿ ಇಷ್ಟು ಸಾವಿರ ಮಕ್ಕಳು ಓದುತ್ತಾರೆ ಎಂದು ಹೇಳಿದರೆ ಮೊಮ್ಮಕ್ಕಳಿಗೆ ಅರ್ಥವಾಗದು ಎಂದುಕೊಂಡಿದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಹುಡುಗರನ್ನು ಕಂಡು ಅವರು ಕೇಳಿದ ಪ್ರಶ್ನೆಗಳು ಮನೆ ತಲುಪಿದರೂ ಮುಗಿಯಲಿಲ್ಲ.

ಕಮೋಡಿನ ವಿಷಯ: ಅಮ್ಮನವರ ಮಂಡಿ ಹೇಗಿದೆ? ನಮ್ಮ ಮನೆಯಲ್ಲಿ ಅದನ್ನು ಮೊಮ್ಮಕ್ಕಳ ಹೆಸರಿನಲ್ಲಿ ಹಾಕಿಸಿದೆವು, ಬಳಸುತ್ತಿರುವವರು ನಾವಿಬ್ಬರು.

ಶಿಡ್ಲಘಟ್ಟದ ತಂಗಿ

ಮೇಷ್ಟ್ರೇ, ಅಮ್ಮನ ಮಂಡಿನೋವು ಹಳೆಯದು, ಗೋಡೆಗೆ ಒಂದು ಹಿಡಿ ಹಾಕಿಸಿಕೊಂಡು ಹೇಗೋ ಕಾಲ ತಳ್ಳುತ್ತಿದ್ದಾರೆ. ನಿಮ್ಮ ಮಾತು ಓದಿದ ಮೇಲೆ ಗಾರೆ ಕೆಲಸದವರಿಗೆ ಹೇಳಿಕಳುಹಿಸಿದ್ದೇವೆ. ಪಟ್ಟಿಯನ್ನೂ ನೋಡಿದೆ. ನೀವು ಹೇಳಿದಂತೆಯೇ ಇದೆ. ಅಪ್ಪ ಹೋದ ಮೇಲೆ ನಮ್ಮ ಬಂಧುಗಳಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ, ಅವುಗಳನ್ನೇ ಅಮ್ಮ ಮೊದಲು ಬರೆಸಿದ್ದಾರೆ. ನಾನು ಅದನ್ನು ಬರೀ ಸುತ್ತಾಟದ ಪಟ್ಟಿ ಎಂದು ಓದಿದ್ದೆ. ತಿಪಟೂರಿನವರೇ, ಅಣ್ಣ ಅಲ್ಲಿಯ ಪೌರತ್ವ ಪಡೆದಿದ್ದಾನೆ, ಆದ್ದರಿಂದ ವೀಸಾ ಮುದ್ರೆಯ ತೊಂದರೆಯಿಲ್ಲ.

ಮುಳಬಾಗಿಲು ಕುವೈತ್

ಅಮೆರಿಕದವರ ಮಾತೇ ಹೆಚ್ಚಾಗಿ ನಡೆಯುತ್ತಿರುವುದರಿಂದ ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮಾತನ್ನೂ ಹೇಳುತ್ತೇನೆ. ನಾನು ಕುವೈತಿನ ಒಂದು ಕಂಪನಿಯಲ್ಲಿ ವಾಹನ ಓಡಿಸುತ್ತೇನೆ. ಅಲ್ಲಿನ 2010ರ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ 30 ದಿನ ಸಂಬಳಸಹಿತ ರಜೆ ಇದೆ, ಆದರೂ ಟಿಕೆಟಿನ ಖರ್ಚಿಗಾಗಿ ನಮ್ಮಲ್ಲಿ ಬಹಳ ಜನ ಎರಡು ವರ್ಷದ ರಜೆಯನ್ನು ಕೂಡಿಸಿಕೊಂಡು ಒಮ್ಮೆಗೇ ಬರುತ್ತಾರೆ. 2025ರ ಜುಲೈಯಿಂದ ಖಾಸಗಿ ಕಂಪನಿಯ ವಿದೇಶಿ ನೌಕರರು ದೇಶ ಬಿಟ್ಟು ಹೊರಡಬೇಕಾದರೆ ಮಾಲೀಕರು ಒಪ್ಪಿದ ನಿರ್ಗಮನ ಪರವಾನಗಿ ಇರಲೇಬೇಕು. ಊರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದರೆ ಆ ಒಪ್ಪಿಗೆ ಬರುವವರೆಗೆ ಕೈಕಾಲು ಆಡುವುದಿಲ್ಲ. ಗಡಿಯಾರದ ವ್ಯತ್ಯಾಸ ಎರಡೂವರೆ ಗಂಟೆ ಮಾತ್ರವಾದ್ದರಿಂದ ಅಮೆರಿಕದವರ ಹಾಗೆ ನಿದ್ದೆಯ ತೊಂದರೆ ನಮಗಿಲ್ಲ, ಅಷ್ಟು ಅನುಕೂಲ.

ನಮಗೆ ಹೆಂಡತಿ ಮಕ್ಕಳನ್ನು ಅಲ್ಲಿ ಇರಿಸಿಕೊಳ್ಳುವ ಸಂಬಳವಿಲ್ಲ. ಹಾಗಾಗಿ ನಾವು ಊರಿಗೆ ಬರುವುದನ್ನು ಪ್ರವಾಸ ಎನ್ನಲಾಗುವುದಿಲ್ಲ; ಸಂಸಾರ ಮಾಡುವುದೇ ಆ ಕೆಲವು ವಾರಗಳಲ್ಲಿ. ಆ ವಾರಗಳಲ್ಲೇ ತಂಗಿಯ ಮದುವೆಯ ಮಾತುಕತೆ, ಮನೆಗೆ ಮೋಲ್ಡು ಹಾಕಿಸುವುದು, ಮಗನ ಶಾಲೆಯ ಶುಲ್ಕ, ಊರಿನ ದೇವಸ್ಥಾನದ ಚಂದಾ ಎಲ್ಲವೂ ಬರುತ್ತವೆ. ಹೊರದೇಶದಿಂದ ಬಂದವನೆಂದರೆ ಕೈಯಲ್ಲಿ ದುಡ್ಡಿರುತ್ತದೆ ಎಂದು ಕೈಗಡ ಕೇಳುವವರು ಮೊದಲ ವಾರವೇ ಬರುತ್ತಾರೆ. ನನ್ನ ಕ್ರಮವೇನೆಂದರೆ, ಹೊರಡುವ ಮೊದಲೇ ಹೆಂಡತಿಯೊಂದಿಗೆ ಫೋನಿನಲ್ಲಿ ಕೂತು ಈ ರಜೆಯಲ್ಲಿ ಎಷ್ಟು ಖರ್ಚು, ಯಾರಿಗೆ ಎಷ್ಟು ಕೊಡುವುದು ಎಂದು ತೀರ್ಮಾನಿಸಿ, ಆ ಹಣವನ್ನು ಅವಳ ಖಾತೆಗೆ ಹಾಕಿ, ಕೇಳಿದವರಿಗೆಲ್ಲ "ಅವಳನ್ನೇ ಕೇಳಿ" ಎಂದು ಹೇಳುವುದು. ಅವಳು ಕೊಡುವುದಿಲ್ಲ.

ಉಡುಗೊರೆ ತರಬಾರದೆಂದು ಓದುಬರಹ ಬಲ್ಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ತಂದೆಯ ಪೆಟ್ಟಿಗೆ ತೆರೆಯುವಾಗ ಮಕ್ಕಳು ಸುತ್ತ ಕೂರುತ್ತಾರಲ್ಲ, ಅದು ಬೇಕು. ಚಿನ್ನ ತರುವವರು ಮಾತ್ರ ಎಚ್ಚರವಾಗಿರಬೇಕು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರು ಸುಂಕವಿಲ್ಲದೆ ತರಬಹುದಾದ ಒಡವೆ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ 2016ರ ನಿಯಮದಲ್ಲಿ ಅದರ ಜೊತೆಗೇ 50,000 ಮತ್ತು ಒಂದು ಲಕ್ಷ ರೂಪಾಯಿಯ ಬೆಲೆಯ ಮಿತಿಯೂ ಇತ್ತು, ಚಿನ್ನದ ದರ ಏರಿದ ಮೇಲೆ ಆ ತೂಕ ಬರೀ ಕಾಗದದ ಮೇಲೆ ಉಳಿಯಿತು. ಪ್ರಯಾಣದ ದಿನ ಜಾರಿಯಲ್ಲಿರುವ ನಿಯಮವನ್ನು ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲೇ ನೋಡಿಕೊಂಡು ಹೊರಡಬೇಕು.

ತಂಗಿಯವರಿಗೆ ನನ್ನದೊಂದು ಮಾತು. ಬೆಳೆ ಬಿಟ್ಟರೆ ಆಗುವ ನಷ್ಟವನ್ನು ಅಣ್ಣನಿಗೆ ಹೇಳಿಬಿಡಿ. ಹೊರಗೆ ದುಡಿಯುವವನಿಗೆ ಊರಿನವರ ಕಷ್ಟ ತಿಳಿಯದಿರುವುದು ಎಷ್ಟೋ ಸಲ ಯಾರೂ ಹೇಳದೆ ಇರುವುದರಿಂದಲೇ.

ವಿಜಯಪುರದ ಹುಳುಮನೆ

ನಾವೂ ರೇಷ್ಮೆಯವರೇ. ಬೆಳೆ ಬಿಡುವುದಕ್ಕೂ ಸೊಪ್ಪು ಒಣಗಿಸುವುದಕ್ಕೂ ವ್ಯತ್ಯಾಸವಿದೆಯಲ್ಲ, ಅಕ್ಕಾ. ಆ ಸರದಿಗೆ ಚಾಕಿ (ಎಳೆಯ ಹುಳು) ತರಬೇಡಿ, ತೋಟದ ಸೊಪ್ಪನ್ನು ಹಾಗೆಯೇ ಮಾರಿಬಿಡಿ. ನಿಮ್ಮ ಸುತ್ತಿನ ಹಳ್ಳಿಗಳಲ್ಲಿ ಸೊಪ್ಪು ಸಾಲದವರು ಯಾವಾಗಲೂ ಇರುತ್ತಾರೆ. ಗೂಡಿನ ಲಾಭ ಬರದಿದ್ದರೂ ಗೊಬ್ಬರ, ಕೂಲಿಯ ಖರ್ಚು ಕೈಗೆ ಬರುತ್ತದೆ, ತೋಟವೂ ಬಲಿಯದೆ ಮುಂದಿನ ಬೆಳೆಗೆ ಸರಿಯಾಗಿ ಕಟಾವಾಗಿರುತ್ತದೆ. ಅಥವಾ ಮಕ್ಕಳು ನೋಡಲೇಬೇಕೆಂದಿದ್ದರೆ, ಅವರು ಬರುವ ಹೊತ್ತಿಗೆ ಹುಳು ಹಣ್ಣಾಗಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಏರುವಂತೆ ಒಂದು ವಾರ ಮುಂಚಿತವಾಗಿ ಚಾಕಿ ತನ್ನಿ. ಸೊಪ್ಪು ಹಾಕುವ ಗೋಳು ಮುಗಿದಿರುತ್ತದೆ, ಗೂಡು ಕಟ್ಟುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ, ಅಣ್ಣನವರನ್ನೇ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಬಹುದು.

ಗೌರಿಬಿದನೂರಿನ ವೈದ್ಯೆ

ಊರಿಗೆ ಬಂದ ಮಕ್ಕಳನ್ನು ಪ್ರತಿ ಡಿಸೆಂಬರ್, ಜನವರಿಯಲ್ಲಿ ನೋಡುತ್ತಿರುವುದರಿಂದ ಆರೋಗ್ಯದ ಕುರಿತು ಕೆಲವು ಮಾತು.

ನಮ್ಮ ಮೂರೂ ಜಿಲ್ಲೆಗಳಲ್ಲಿ ನೀರಿನ ಪ್ರಶ್ನೆ ಎರಡು ಬಗೆಯದು, ಜನ ಅವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ರೋಗಾಣುಗಳ ಭಯಕ್ಕೆ ನೀರು ಕುದಿಸುವುದು ಸರಿಯಾದ ಪರಿಹಾರ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮತ್ತು ಪಾವಗಡದ ಕಡೆಯ ಆಳವಾದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕೆಲವು ವಾರಕ್ಕೆ ಬಂದು ಹೋಗುವ ಮಕ್ಕಳಿಗೆ ಇದರಿಂದ ಹಾನಿಯಿಲ್ಲ. ಹಲ್ಲು, ಮೂಳೆಗಳಿಗೆ ತೊಂದರೆಯಾಗುವುದು ವರ್ಷಗಟ್ಟಲೆ ಕುಡಿಯುವ ನಿಮಗೆ ಮತ್ತು ನಿಮ್ಮ ಮಕ್ಕಳಿಗೆ. ಅಮೆರಿಕದ ಮಕ್ಕಳಿಗಾಗಿ ಬಾಟಲಿ ನೀರು ತರಿಸಿ, ಮನೆಯ ಮಕ್ಕಳಿಗೆ ಕೊಳವೆಬಾವಿಯ ನೀರು ಕೊಡುವ ಮನೆಗಳನ್ನು ಕಂಡು ನನಗೆ ಸಿಟ್ಟು ಬಂದಿದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಎಲ್ಲರೂ ಅದನ್ನೇ ಕುಡಿಯಿರಿ, ವರ್ಷವಿಡೀ ಕುಡಿಯಿರಿ.

ಟೈಫಾಯಿಡ್ ಚುಚ್ಚುಮದ್ದನ್ನು ಹೊರಡುವುದಕ್ಕೆ ಎರಡು ವಾರ ಮೊದಲೇ ಅಲ್ಲಿಯೇ ಹಾಕಿಸಿಕೊಂಡು ಬರಲಿ. ತಾವು ಹುಟ್ಟಿ ಬೆಳೆದ ಊರಿಗೆ ಹೋಗಲು ಚುಚ್ಚುಮದ್ದು ಏಕೆಂದು ತಂದೆ ತಾಯಿಯರು ಉಪೇಕ್ಷೆ ಮಾಡುತ್ತಾರೆ. ಹೋಟೆಲಿನಲ್ಲಿ ಉಳಿಯುವ ಪ್ರವಾಸಿಗಿಂತ ನೆಂಟರ ಮನೆಗಳಲ್ಲಿ ಉಂಡು ಮಲಗುವ ಇಂಥ ಮಕ್ಕಳಿಗೇ ಸೋಂಕಿನ ಸಾಧ್ಯತೆ ಹೆಚ್ಚು.

ನಿದ್ದೆಯ ವಿಷಯದಲ್ಲಿ ಅಜ್ಜಿಗೆ ಮೊದಲೇ ತಿಳಿಸಿಡಿ. ಚಳಿಗಾಲದಲ್ಲಿ ನ್ಯೂಜೆರ್ಸಿಗೂ ನಮಗೂ ಹತ್ತೂವರೆ ಗಂಟೆಯ ಅಂತರ. ಅಲ್ಲಿಂದ ಇಲ್ಲಿಗೆ ಬಂದ ಮೊದಲ ದಿನಗಳಲ್ಲಿ ಮಕ್ಕಳು ಮಧ್ಯಾಹ್ನ ಎಬ್ಬಿಸಿದರೂ ಏಳದಂತೆ ಮಲಗಿ, ರಾತ್ರಿ ಎರಡಕ್ಕೆ ಎದ್ದು ಹಸಿವು ಎನ್ನುತ್ತಾರೆ. ಮೊದಲ ವಾರ ಯಾವ ಊಟದ ಕರೆಯನ್ನೂ ಒಪ್ಪಿಕೊಳ್ಳಬೇಡಿ. ಬೆಳಗಿನ ಬಿಸಿಲಿನಲ್ಲಿ ಅವರನ್ನು ತೋಟಕ್ಕೆ ಅಟ್ಟಿರಿ. ಸೊಳ್ಳೆಗೆ ಪರದೆ ಕಟ್ಟಿದರೆ ಹುಳುವಿಗೂ ಕ್ಷೇಮ, ಮಕ್ಕಳಿಗೂ ಕ್ಷೇಮ.

ಚಿಂತಾಮಣಿಯ ಸೊಸೆ

ಇಲ್ಲಿಯವರೆಗೆ ಬರೆದವರೆಲ್ಲ ಅಣ್ಣ, ಅಮ್ಮ, ಮಕ್ಕಳು ಎಂದರು. ಅತ್ತಿಗೆಯ ತವರು ಎಲ್ಲಿದೆ ಎಂದು ಯಾರೂ ಕೇಳಲಿಲ್ಲವಲ್ಲ!

ನಾನು ಲಂಡನ್ನಿನಲ್ಲಿದ್ದೇನೆ. ಗಂಡನ ಮನೆ ಚಿಂತಾಮಣಿ, ತವರು ಮಾಲೂರಿನ ಹತ್ತಿರ. ರಜೆ ಇಬ್ಬರದೂ, ಟಿಕೆಟಿನ ಹಣದಲ್ಲಿ ಅರ್ಧ ನನ್ನ ದುಡಿಮೆಯದು. ಆದರೂ ಮದುವೆಯಾದ ಮೊದಲ ವರ್ಷಗಳಲ್ಲಿ ದಿನಗಳ ಹಂಚಿಕೆ ಹೇಗಿತ್ತೆಂದರೆ, ವಿಮಾನದಿಂದ ಇಳಿದು ಗಂಡನ ಮನೆ, ಹಬ್ಬ ಗಂಡನ ಮನೆಯಲ್ಲಿ, ಅವರ ನೆಂಟರೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಪೆಟ್ಟಿಗೆ ಕಟ್ಟುವ ಮೊದಲು ತವರಿಗೆ ಒಂದು ಸುತ್ತು. ನಮ್ಮ ತಂದೆ ಒಂದು ಮಾತನ್ನೂ ಆಡುತ್ತಿರಲಿಲ್ಲ, ನನಗೆ ಅದೇ ಹೆಚ್ಚು ನೋಯುತ್ತಿತ್ತು. ಜಗಳವಾಡಿ ಈಗ ಕ್ರಮ ಬದಲಾಯಿಸಿದ್ದೇವೆ: ಒಂದು ಬಾರಿ ಹಬ್ಬ ಅಲ್ಲಿ, ಮುಂದಿನ ಬಾರಿ ಇಲ್ಲಿ, ಮಕ್ಕಳು ಎರಡೂ ಮನೆಯಲ್ಲಿ ಸಮನಾಗಿ. ಅತ್ತೆಯವರು ಮೊದಮೊದಲು ಮುಖ ಗಂಟಿಕ್ಕಿಕೊಂಡರು, ಆಮೇಲೆ ಅವರ ಮಗಳು ಆಸ್ಟ್ರೇಲಿಯಾಕ್ಕೆ ಹೋದಳು, ಎಲ್ಲ ತಾನಾಗಿ ಸರಿಹೋಯಿತು.

ಇನ್ನೊಂದು ಸಂಗತಿ ಅಡುಗೆಮನೆಯದು. ಜನವರಿ ಎಂದರೆ ಅವರೆಕಾಯಿಯ ಕಾಲ. ಮಗ ಬಂದಿದ್ದಾನೆಂದು ಹಿತಕಿದ ಬೇಳೆ ಸಾರು ಮಾಡುವುದು ಸಂತೋಷವೇ, ಆದರೆ ಮೂಟೆ ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದಾಗಿ ಹಿತಕುವವರು ಯಾರು? ಹುಳುವಿಗೆ ಸೊಪ್ಪು ಹಾಕಿ ಬಂದ ನೀವು, ಪ್ರಯಾಣದ ಸುಸ್ತಿನಲ್ಲಿರುವ ಅತ್ತಿಗೆ, ಮಂಡಿನೋವಿನ ಅಮ್ಮ. ಅಣ್ಣನವರೂ ನಿಮ್ಮ ಯಜಮಾನರೂ ಜಗಲಿಯ ಮೇಲೆ ಕೂತು ಮಾತನಾಡುತ್ತಿರುತ್ತಾರೆ. ಕಾಳಿನ ಮೊರವನ್ನು ಅವರ ಮುಂದೆಯೇ ಇಡಿ. ಮಾತನಾಡುತ್ತ ಹಿತಕಲಿ, ಮಕ್ಕಳೂ ಕೂತುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತದೆ.

ಮಕ್ಕಳ ಒಡನಾಟಕ್ಕೆ ಒಂದು ತೊಡಕಿದೆ, ಅದಕ್ಕೆ ಪರಿಹಾರ ನನಗೂ ಸಿಕ್ಕಿಲ್ಲ. ನಮ್ಮ ಕಡೆಯ ಶಾಲೆಗಳ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಅಮೆರಿಕದ ಮಕ್ಕಳಿಗೆ ರಜೆ ಸಿಗುವುದು ಜೂನಿನಲ್ಲಿ, ಇಂಗ್ಲೆಂಡಿನವರಿಗೆ ಜುಲೈ ಕೊನೆಯಲ್ಲಿ. ಅವರು ಬರುವ ಹೊತ್ತಿಗೆ ಇಲ್ಲಿಯ ಮಕ್ಕಳು ಚೀಲ ಹೊತ್ತು ಶಾಲೆಗೆ ಹೊರಟಿರುತ್ತಾರೆ. ಜನವರಿಯಲ್ಲಿಯೂ ಸಂಕ್ರಾಂತಿ ಮತ್ತು ಭಾನುವಾರ ಬಿಟ್ಟರೆ ಅದೇ ಕಥೆ. ನಿಮ್ಮ ಮಕ್ಕಳ ಶಾಲೆಯ ಮೇಷ್ಟ್ರನ್ನು ಕೇಳಿ ಈ ಇಬ್ಬರನ್ನೂ ಒಂದು ದಿನ ತರಗತಿಯಲ್ಲಿ ಕೂರಿಸಲು ಸಾಧ್ಯವೇ ನೋಡಿ.

ತಿಪಟೂರಿನ ಅಭಿಯಂತರ

ಚಿಂತಾಮಣಿಯವರ ಬರಹವನ್ನು ನನ್ನ ಹೆಂಡತಿಗೆ ತೋರಿಸಿದೆ. ನಮ್ಮ ಭಾನುವಾರದ ಪೂಜೆಗೆ ಅವಳ ತವರಿನವರನ್ನು ಕರೆಯುತ್ತೇವೆ, ಆದರೆ ಅವಳ ತವರಿನಲ್ಲಿ ಅಂಥದೊಂದು ದಿನವನ್ನು ಇಟ್ಟುಕೊಂಡಿಲ್ಲ ಎಂದು ಉತ್ತರ ಬಂತು. ಸದ್ಯಕ್ಕೆ ಇದರ ಬಗ್ಗೆ ಹೆಚ್ಚು ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ಮೇಷ್ಟ್ರು ಹೇಳಿದ ಸಾವಿನ ಮನೆಯ ಮಾತನ್ನು ಒಪ್ಪುತ್ತೇನೆ.

ಕೋಲಾರದ ವಕೀಲ

ತಂಗಿಯವರು ಕೇಳದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತಿದ್ದೇನೆ, ಮನ್ನಿಸಬೇಕು. ತಂದೆಯವರು ತೀರಿಕೊಂಡಿದ್ದಾರೆ, ಅಣ್ಣ ಅಂದಿನಿಂದ ಈಗ ಬರುತ್ತಿದ್ದಾರೆ ಎಂದಿದ್ದೀರಿ. ಜಮೀನಿನ ಪಹಣಿ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದೆಯೇ? ನನ್ನ ಬಳಿಗೆ ಬರುವ ಇಂಥ ಕುಟುಂಬಗಳಲ್ಲಿ ಹೆಚ್ಚಿನವರು ಹೊರಡುವ ದಿನಕ್ಕೆ ಮುಂಚಿನ ದಿನ ಕಚೇರಿಗೆ ಓಡಿ ಬರುತ್ತಾರೆ. ಅಷ್ಟು ದಿನವೂ ಯಾರು ಮೊದಲು ಬಾಯಿ ತೆರೆಯುವುದೆಂದು ಕಾದಿರುತ್ತಾರೆ, ಕೊನೆಯ ರಾತ್ರಿಯ ಊಟದಲ್ಲಿ ಮಾತು ಬರುತ್ತದೆ, ಮನಸ್ಸು ಕೆಡುತ್ತದೆ.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅಣ್ಣನವರು ಬರುವವರೆಗೆ ಕಾಯಬೇಕಾಗಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಅಮ್ಮ, ಅಣ್ಣ, ನೀವು ಮೂವರೂ ವಾರಸುದಾರರು. ಮೂವರ ಹೆಸರೂ ಜಂಟಿಯಾಗಿ ಬರಬೇಕು. ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತು, 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು. ತೋಟ ಗೇಯುತ್ತಿರುವವರು ನೀವು ಎಂಬುದು ಪಹಣಿಯಲ್ಲಿ ಕಾಣದು, ಹೆಸರು ಇದ್ದರೆ ಮಾತ್ರ ಕಾಣುತ್ತದೆ.

ಅಣ್ಣನವರು ಅಮೆರಿಕದ ಪ್ರಜೆ. ಹಾಗಾಗಿ ಕೃಷಿಭೂಮಿಯನ್ನು ವಾರಸಿನಿಂದ ಪಡೆಯಬಹುದು, ಹಣ ಕೊಟ್ಟು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ರಾಜ್ಯ ಸರ್ಕಾರ ತೆಗೆದುಹಾಕಿದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂದು ನಂದಿಬೆಟ್ಟದ ಸುತ್ತ ಮುಂಗಡ ಕೊಟ್ಟ ಹೊರದೇಶದ ಬಂಧುಗಳಿದ್ದಾರೆ. ಆ ತಿದ್ದುಪಡಿ ಇಲ್ಲಿಯ ಬೇಸಾಯಗಾರರಲ್ಲದವರಿಗೆ ಬಾಗಿಲು ತೆರೆಯಿತು. ಅನಿವಾಸಿಗಳಿಗೆ ಇರುವ ತಡೆ ಕೇಂದ್ರದ ವಿದೇಶಿ ವಿನಿಮಯ ಕಾನೂನಿನದು, ಅದು ಹಾಗೆಯೇ ಇದೆ.

ಅವರೂ ಅತ್ತಿಗೆಯವರೂ ಮಕ್ಕಳೂ ಓಸಿಐ (ಸಾಗರೋತ್ತರ ಭಾರತೀಯರ) ಕಾರ್ಡುಗಳನ್ನು ಈಗಲೇ ತೆಗೆದು ನೋಡಲಿ. ಇಪ್ಪತ್ತು ವರ್ಷದೊಳಗಿನ ಮಕ್ಕಳಿಗೆ ಪಾಸ್‌ಪೋರ್ಟು ಹೊಸದಾದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಜಾಲತಾಣಕ್ಕೆ ಏರಿಸಬೇಕೆಂದು 2021ರಿಂದ ಕ್ರಮವಿದೆ.

ಕ್ಯಾತ್ಸಂದ್ರದ ಮೇಷ್ಟ್ರು

ವಕೀಲರ ಮಾತು ಸರಿ. ಆದರೆ ಜಮೀನಿನ ಮಾತನ್ನು ಫೋನಿನಲ್ಲಿ ತಂಗಿ ಎತ್ತುವುದಕ್ಕಿಂತ ತಾಯಿಯೇ ಎತ್ತುವುದು ಒಳ್ಳೆಯದು. ಮಗ ಬರುವುದಕ್ಕೆ ಒಂದು ತಿಂಗಳು ಮೊದಲೇ ಹೇಳಿದರೆ ವಿಮಾನದಲ್ಲಿ ಕೂತು ಯೋಚಿಸಿಕೊಂಡು ಬರುತ್ತಾನೆ.

ಶಿಡ್ಲಘಟ್ಟದ ತಂಗಿ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ಅಣ್ಣನೊಂದಿಗೆ ಬಹಳ ಹೊತ್ತು ಮಾತನಾಡಿದೆವು, ಅಮ್ಮನೂ ಜೊತೆಗಿದ್ದರು. ಬಚ್ಚಲಿನ ಕೆಲಸ ನಡೆಯುತ್ತಿದೆ ಎಂದ ಕೂಡಲೇ ಹೋಟೆಲಿನ ಮಾತು ಬಿದ್ದುಹೋಯಿತು, ಅದರ ಖರ್ಚನ್ನು ತಾನೇ ಕೊಡುತ್ತೇನೆಂದ. ಬೆಳೆಯ ವಿಷಯ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಇಷ್ಟು ವರ್ಷ ನಾನು ಬಂದಾಗಲೆಲ್ಲ ಹುಳುಮನೆ ಖಾಲಿ ಇರುತ್ತಿದ್ದದ್ದು ಇದಕ್ಕೇನಾ?" ಎಂದು ಕೇಳಿದ. ಹೌದೆಂದೆ. ವಿಜಯಪುರದವರ ಎರಡನೆಯ ಸಲಹೆಯಂತೆ ಚಾಕಿಯನ್ನು ಮುಂಚಿತವಾಗಿ ತರುತ್ತೇವೆ. ಚಂದ್ರಿಕೆಗೆ ಬಿಡುವ ದಿನ ಕೂಲಿಯಾಳು ಬೇಡ, ತಾನೇ ಬರುತ್ತೇನೆಂದಿದ್ದಾನೆ. ಕೈ ಮರೆತಿರುತ್ತದೆ, ಆಳಿಗೆ ಹೇಳಿಟ್ಟಿರುತ್ತೇವೆ.

ಅತ್ತಿಗೆಯ ತವರು ಗುಡಿಬಂಡೆ. ಈ ಸಂಕ್ರಾಂತಿಯನ್ನು ಅಲ್ಲಿಯೇ ಮಾಡಲಿ ಎಂದು ನಾನು ಹೇಳಿದ್ದಕ್ಕೆ ಅಮ್ಮ ಒಪ್ಪಿಲ್ಲ. ಹಬ್ಬದ ಬೆಳಗ್ಗೆ ಇಲ್ಲಿ, ಸಂಜೆ ಎಳ್ಳು ಬೀರುವುದಕ್ಕೆ ಅಲ್ಲಿ ಎಂಬಲ್ಲಿಗೆ ಬಂದು ನಿಂತಿದೆ. ಅತ್ತಿಗೆಗೆ ಇದು ಸಮಾಧಾನವೋ ಇಲ್ಲವೋ ಅವರು ಬಂದ ಮೇಲೆ ತಿಳಿಯಬೇಕು. ಸಾವಾದ ಮನೆಗಳಿಗೆ ಅಮ್ಮನೂ ಅಣ್ಣನೂ ಇಬ್ಬರೇ ಹೋಗಿ ಬರುತ್ತಾರೆ, ಮಕ್ಕಳನ್ನು ಕರೆದೊಯ್ಯುವುದಿಲ್ಲ. ಉಳಿದವರನ್ನೆಲ್ಲ ಒಂದು ದಿನ ಮನೆಗೇ ಕರೆಯುತ್ತೇವೆ.

ವಕೀಲರೇ, ಪಹಣಿ ಅಪ್ಪನ ಹೆಸರಿನಲ್ಲೇ ಇದೆ. ಅಮ್ಮನೇ ಮಾತೆತ್ತಿದರು. ಅರ್ಜಿ ಕೊಡಿ, ನನ್ನ ಕಡೆಯಿಂದ ಯಾವ ಕಾಗದ ಬೇಕಾದರೂ ಕಳುಹಿಸುತ್ತೇನೆ ಎಂದ ಅಣ್ಣ. ಮುಂದೆ ವಿಭಾಗವಾಗುವಾಗ ಅವನು ಇಲ್ಲಿ ಇರುವುದಿಲ್ಲವಾದ್ದರಿಂದ ಅಲ್ಲಿಂದಲೇ ನನ್ನ ಯಜಮಾನರ ಹೆಸರಿಗೆ ಅಧಿಕಾರ ಪತ್ರ ಬರೆದು ಕಳುಹಿಸಬಹುದೇ, ಅಥವಾ ಬಂದಾಗ ಇಲ್ಲಿಯೇ ಮಾಡಿಸುವುದು ಮೇಲೇ?

ಕೋಲಾರದ ವಕೀಲ

ಬಂದಾಗ ಇಲ್ಲಿಯೇ ಮಾಡಿಸಿ. ಅಲ್ಲಿಂದ ಕಳುಹಿಸುವುದಾದರೆ ನ್ಯೂಯಾರ್ಕಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು, ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆ ಅವಧಿ ಮೀರಿದ ಪತ್ರಗಳು ನನ್ನ ಮೇಜಿನ ಮೇಲೆ ಈಗಲೂ ಇವೆ. ಇಲ್ಲಿಯೇ ಆದರೆ ಶಿಡ್ಲಘಟ್ಟದ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಮೊದಲೇ ಸಮಯ ಕಾದಿರಿಸಿಕೊಂಡು ಒಂದು ಬೆಳಗಿನಲ್ಲಿ ಮುಗಿಸಬಹುದು. ಪತ್ರದಲ್ಲಿ ಯಾವ ಸರ್ವೆ ನಂಬರು, ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆಸಿ, ಮಾರುವ ಅಧಿಕಾರವನ್ನು ಸೇರಿಸಬೇಡಿ. ಸಮಯವನ್ನು ಮೊದಲ ವಾರಕ್ಕೆ ಕಾದಿರಿಸಬೇಡಿ. ವೈದ್ಯೆಯವರು ಹೇಳಿದಂತೆ ಆಗ ಅವರಿಗೆ ಹಗಲೆಲ್ಲ ನಿದ್ದೆ ಇರುತ್ತದೆ, ಓದದೆ ಸಹಿ ಹಾಕುತ್ತಾರೆ.